ಯುರೋಪಿಗೆ ರಷ್ಯಾದ ಗ್ಯಾಸ್ ನಿಂತಾಗ ಅಲ್ಜೀರಿಯಾ ಯಾಕೆ ಪೂರ್ತಿ ಕೊಡಲಿಲ್ಲ?

ಮಿಲಾನೋ_ಮಲೆನಾಡಿಗ
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಕೆಲಸ ಇಟಲಿಯ ಮಿಲಾನ್‌ನಲ್ಲಿ. ಇಲ್ಲಿ ಮನೆ ಬೆಚ್ಚಗಿಡೋದು, ಸ್ನಾನದ ನೀರು, ಅಡುಗೆ ಎಲ್ಲಾ ಪೈಪ್ ಗ್ಯಾಸ್‌ನಲ್ಲೇ ನಡೆಯೋದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಬಿಲ್ ಏರಿದ ಮೇಲೆ ನಮ್ಮ ಗ್ಯಾಸ್ ಎಲ್ಲಿಂದ ಬರುತ್ತೆ ಅಂತ ಅಕ್ಕಪಕ್ಕದ ಮನೆಯವರೂ ಕೇಳೋಕೆ ಶುರು ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ ಆಗಿನ ಪ್ರಧಾನಿ ಮಾರಿಯೋ ದ್ರಾಗಿ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ಗೆ ಹೋದರು. ಇಟಲಿಯ ಎನಿ ಕಂಪನಿ, ಅಲ್ಜೀರಿಯಾದ ಸರ್ಕಾರಿ ಕಂಪನಿ ಸೋನಾಟ್ರಾಕ್ ಎರಡೂ ಸೇರಿ ಹಂತ ಹಂತವಾಗಿ ವರ್ಷಕ್ಕೆ 9 ಬಿಲಿಯನ್ ಘನ ಮೀಟರ್‌ವರೆಗೆ ಹೆಚ್ಚುವರಿ ಅನಿಲ ತರೋ ಒಪ್ಪಂದ ಮಾಡಿಕೊಂಡವು. ಈಗ ಇಟಲಿಗೆ ಅತಿ ಹೆಚ್ಚು ಅನಿಲ ಕೊಡೋ ದೇಶ ಅಲ್ಜೀರಿಯಾನೇ.

ನನಗೆ ಅರ್ಥವಾಗದ ವಿಷಯ ಒಂದಿದೆ. ಟುನೀಶಿಯಾ ದಾಟಿ ಸಿಸಿಲಿಗೆ ಬರೋ ಪೈಪ್‌ಲೈನಿಗೆ ವರ್ಷಕ್ಕೆ 30 ಬಿಲಿಯನ್ ಘನ ಮೀಟರಿಗೂ ಹೆಚ್ಚು ಸಾಮರ್ಥ್ಯ ಇದೆ, ಅದು ತುಂಬಿ ಹರಿಯುತ್ತಿರಲಿಲ್ಲ. ಬೆಲೆ ಆಕಾಶಕ್ಕೇರಿತ್ತು. ಕೊಳ್ಳೋರು ಬಾಗಿಲಲ್ಲೇ ನಿಂತಿದ್ದರು. ಹಾಗಿದ್ದೂ ಅಲ್ಜೀರಿಯಾ ಯಾಕೆ ಇನ್ನಷ್ಟು ಕೊಡಲಿಲ್ಲ? ರಾಜಕೀಯ ಕಾರಣನಾ, ಇಲ್ಲಾ ನೆಲದಡಿಯಲ್ಲೇ ಇಲ್ಲವಾ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ವಿವರವಾಗಿ ಬರೀರಿ.

ರಿಗ್‌ಮ್ಯಾನ್_ರಾಯಚೂರು
ಒಳ್ಳೆ ಪ್ರಶ್ನೆ. ನನ್ನ ಕೆಲಸ ರಿಸರ್ವಾಯರ್ ಎಂಜಿನಿಯರಿಂಗ್, ಅಂದರೆ ನೆಲದಡಿ ಇರೋ ತೈಲ-ಅನಿಲ ಹೇಗೆ ಚಲಿಸುತ್ತೆ, ಎಷ್ಟು ತೆಗೆಯಬಹುದು ಅಂತ ಲೆಕ್ಕ ಹಾಕೋದು. ಆ ಕಡೆಯಿಂದಲೇ ಹೇಳ್ತೀನಿ.

ಅಲ್ಜೀರಿಯಾದ ಅನಿಲದ ಕಥೆಯಲ್ಲಿ ಹಾಸಿ ರಮೆಲ್ ಅನ್ನೋ ಒಂದೇ ಫೀಲ್ಡ್‌ನ (ಅನಿಲ ನಿಕ್ಷೇಪದ) ಪಾಲು ಬಹಳ ದೊಡ್ಡದು. ಅಲ್ಜಿಯರ್ಸ್‌ನಿಂದ ದಕ್ಷಿಣಕ್ಕೆ, ಸಹಾರಾ ಶುರುವಾಗೋ ಅಂಚಿನಲ್ಲಿದೆ. ಪತ್ತೆಯಾಗಿದ್ದು 1956ರಲ್ಲಿ. ಅದೇ ವರ್ಷ ಇನ್ನೂ ಆಗ್ನೇಯಕ್ಕೆ ಹಾಸಿ ಮೆಸ್ಸಾವುದ್‌ನಲ್ಲಿ ಸುಮಾರು 3,300 ಮೀಟರ್ ಆಳದಲ್ಲಿ ತೈಲ ಸಿಕ್ಕಿತು. ದೇಶದ ಅತಿ ದೊಡ್ಡ ಅನಿಲ ನಿಕ್ಷೇಪ, ಅತಿ ದೊಡ್ಡ ತೈಲ ನಿಕ್ಷೇಪ ಎರಡೂ ಒಂದೇ ವರ್ಷ ಸಿಕ್ಕವು. ಇವತ್ತಿಗೂ ಉದ್ಯಮದ ಬೆನ್ನೆಲುಬು ಇವೇ. ಅಂದರೆ ಬೆನ್ನೆಲುಬಿನ ವಯಸ್ಸು ಅರವತ್ತೈದು ದಾಟಿದೆ.

ಫೀಲ್ಡ್ ಹಳೆಯದಾದಂತೆ ಒಳಗಿನ ಒತ್ತಡ ಇಳಿಯುತ್ತೆ. ಸೈಕಲ್ ಟ್ಯೂಬಿನ ವಾಲ್ವ್ ಬಿಚ್ಚಿದರೆ ಮೊದಲು ಬುಸ್ ಅಂತ ಬಂದು ಆಮೇಲೆ ಸಣ್ಣಗೆ ಬರುತ್ತಲ್ಲ, ಹಾಗೆ. ಟ್ಯೂಬಿನೊಳಗೆ ಗಾಳಿ ಇನ್ನೂ ಇರುತ್ತೆ, ಹೊರಗೆ ತಳ್ಳೋ ಬಲ ಇರಲ್ಲ. ಅದಕ್ಕೇ ಹಾಸಿ ರಮೆಲ್‌ನಲ್ಲಿ ದೊಡ್ಡ ದೊಡ್ಡ ಬೂಸ್ಟಿಂಗ್ ಕಂಪ್ರೆಸರ್‌ಗಳನ್ನು ಹಂತ ಹಂತವಾಗಿ ಹಾಕುತ್ತಾ ಬಂದಿದ್ದಾರೆ. ಅವು ಇಲ್ಲದಿದ್ದರೆ ಬಾವಿಯಿಂದ ಬಂದ ಅನಿಲ ಪೈಪ್‌ಲೈನಿನ ಒತ್ತಡಕ್ಕೆ ಏರೋದೇ ಇಲ್ಲ.

ಹೊರಗಿನವರ ಗಮನಕ್ಕೆ ಬರದ ಇನ್ನೊಂದು ಸಂಗತಿ ಇದೆ. ಹಾಸಿ ರಮೆಲ್‌ನ ಅನಿಲದ ಜೊತೆ ಕಂಡೆನ್ಸೇಟ್ ಬರುತ್ತೆ. ಪೆಟ್ರೋಲಿಗೆ ಹತ್ತಿರದ ಹಗುರ ದ್ರವ ಅದು, ಒಳ್ಳೆ ಬೆಲೆ ಇದೆ. ನೆಲದಡಿ ಒತ್ತಡ ಕುಸಿದರೆ ಅದು ಕಲ್ಲಿನ ರಂಧ್ರಗಳಲ್ಲೇ ದ್ರವವಾಗಿ ಇಳಿದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಬಾರದು ಅಂತ ಅನಿಲ ಮೇಲೆ ತಂದು, ಕಂಡೆನ್ಸೇಟ್ ಮತ್ತು ಎಲ್‌ಪಿಜಿ ಬೇರ್ಪಡಿಸಿ, ಉಳಿದ ಒಣ ಅನಿಲದ ಒಂದು ಪಾಲನ್ನು ಮತ್ತೆ ಬಾವಿಗೆ ತಳ್ಳುತ್ತಾರೆ. ಹಾಸಿ ಮೆಸ್ಸಾವುದ್‌ನಲ್ಲೂ ತೈಲವನ್ನು ಹೊರಗೆ ತಳ್ಳೋಕೆ ನೂರಾರು ಬಾರ್ ಒತ್ತಡದಲ್ಲಿ ಅನಿಲ ತುಂಬ್ತಾರೆ. ಹೀಗಾಗಿ ನೆಲದಿಂದ ಮೇಲೆ ಬರೋ ಒಟ್ಟು ಅನಿಲದಲ್ಲಿ ದೊಡ್ಡ ಪಾಲು ಮಾರುಕಟ್ಟೆ ಮುಖವನ್ನೇ ನೋಡಲ್ಲ.

2022ರಲ್ಲಿ ಆ ತುಂಬೋದನ್ನ ಕಡಿಮೆ ಮಾಡಿ ಒಂದಿಷ್ಟು ಹೆಚ್ಚು ಮಾರಬಹುದಿತ್ತು. ಆದರೆ ಇವತ್ತು ಹೆಚ್ಚು ಮಾರಿದ ಅನಿಲಕ್ಕೆ ನಾಳೆ ತೈಲದಲ್ಲಿ, ಕಂಡೆನ್ಸೇಟ್‌ನಲ್ಲಿ ಬೆಲೆ ತೆರಬೇಕಾಗುತ್ತೆ. ಫೀಲ್ಡ್ ಜವಾಬ್ದಾರಿ ಹೊತ್ತ ಯಾವ ಎಂಜಿನಿಯರೂ ಅದಕ್ಕೆ ಸುಲಭವಾಗಿ ಸಹಿ ಹಾಕಲ್ಲ.

ಓದುಗ_ಹಾಸನ
ಸರ್, ತುಂಬಾ ಸ್ಪಷ್ಟವಾಗಿ ಹೇಳಿದ್ರಿ. ಪರೀಕ್ಷೆಗೆ ಓದ್ತಿದ್ದೀನಿ, ಹಾಗಾಗಿ ಕೇಳ್ತೀನಿ. ಒಟ್ಟು ಲೆಕ್ಕ ಎಷ್ಟು? ರಷ್ಯಾ ಕೊಡುತ್ತಿದ್ದದ್ದಕ್ಕೂ ಅಲ್ಜೀರಿಯಾ ಕೊಡಬಹುದಾದದ್ದಕ್ಕೂ ಎಷ್ಟು ಅಂತರ?

ಎಲ್‌ಎನ್‌ಜಿ_ಲತಾ
ಹಾಸನದವರೇ, ಉತ್ತರ ನಾನು ಕೊಡ್ತೀನಿ. ದ್ರವೀಕೃತ ಅನಿಲದ ಹಡಗು ಬಾಡಿಗೆಗೆ ಹಿಡಿಯೋ ಕೆಲಸದಲ್ಲಿ ಬಹಳ ವರ್ಷ ಇದ್ದೇನೆ.

ಯುದ್ಧಕ್ಕೆ ಮುಂಚೆ ಯುರೋಪಿಗೆ ರಷ್ಯಾದಿಂದ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 150 ಬಿಲಿಯನ್ ಘನ ಮೀಟರ್. ಅಲ್ಜೀರಿಯಾದ ಮಾರಾಟಯೋಗ್ಯ ಉತ್ಪಾದನೆಯೇ ಸುಮಾರು 100 ಬಿಲಿಯನ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ದೇಶದೊಳಗೇ ಖರ್ಚು. ಉಳಿದ ಅರ್ಧವೂ ಆಗಲೇ ಇಟಲಿ, ಸ್ಪೇನ್, ಫ್ರಾನ್ಸ್, ಟರ್ಕಿ ಇವರ ಜೊತೆ ದೀರ್ಘಾವಧಿ ಒಪ್ಪಂದಗಳಲ್ಲಿ ಬರೆದಿಟ್ಟಿದ್ದು. ಆ ವರ್ಷ ಹೊಸದಾಗಿ ಕೊಡೋಕೆ ಉಳಿದಿದ್ದೇ ಸ್ವಲ್ಪ.

ಪೈಪ್ ಖಾಲಿ ಇದೆ ಅಂತ ಮಲೆನಾಡಿಗರು ಬರೆದದ್ದು ನಿಜ. ಅಲ್ಜೀರಿಯಾದ ಬಂದರುಗಳಾದ ಅರ್ಝೂ ಮತ್ತು ಸ್ಕಿಕ್ದಾದ ದ್ರವೀಕರಣ ಘಟಕಗಳೂ ಪೂರ್ತಿ ಸಾಮರ್ಥ್ಯದಲ್ಲಿ ಓಡ್ತಿರಲಿಲ್ಲ. ಸಾಗಿಸೋ ವ್ಯವಸ್ಥೆ ಯಥೇಚ್ಛ, ಸಾಗಿಸೋ ಸರಕು ಕಮ್ಮಿ.

ಅರ್ಝೂ ಬಗ್ಗೆ ಎರಡು ಮಾತು ಹೇಳದೇ ಇರೋಕಾಗಲ್ಲ. ಜಗತ್ತಿನ ಮೊದಲ ದೊಡ್ಡ ವಾಣಿಜ್ಯ ಎಲ್‌ಎನ್‌ಜಿ (ದ್ರವೀಕೃತ ಅನಿಲ) ಕಾರ್ಖಾನೆ ಶುರುವಾದದ್ದು ಅಲ್ಲಿ, 1964ರಲ್ಲಿ. ಅನಿಲವನ್ನು ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ಗಾತ್ರ ಸುಮಾರು ಆರುನೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಆಗ ಹಡಗಿನಲ್ಲಿ ತುಂಬಬಹುದು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಮೀಥೇನ್ ಪ್ರಿನ್ಸೆಸ್' ಅನ್ನೋ ಹಡಗು ಅರ್ಝೂದಿಂದ ಬ್ರಿಟನ್ನಿನ ಕ್ಯಾನ್ವೀ ದ್ವೀಪಕ್ಕೆ ಸರಕು ಮುಟ್ಟಿಸಿತು. ಸ್ವಾತಂತ್ರ್ಯ ಬಂದು ಎರಡೇ ವರ್ಷವಾಗಿದ್ದ ದೇಶ. ಇವತ್ತು ಕತಾರ್, ಆಸ್ಟ್ರೇಲಿಯಾ, ಅಮೆರಿಕ ನಡೆಸ್ತಿರೋ ಇಡೀ ವ್ಯಾಪಾರದ ದಾರಿ ತೆರೆದದ್ದು ಆ ಬಂದರು. ನನ್ನ ಕಸುಬಿನವರಿಗೆ ಅದು ಸಣ್ಣ ವಿಷಯ ಅಲ್ಲ.

ಬೆಲೆ ವಿಷಯದಲ್ಲಿ ಮಾತ್ರ ಅಲ್ಜೀರಿಯಾ ಯಾವತ್ತೂ ಬಿಗಿ. ಸಿಸಿಲಿಗೆ ಬರೋ ಆ ಪೈಪ್‌ಲೈನ್ 1981ರಲ್ಲೇ ಸಿದ್ಧವಾಗಿತ್ತು. ಅನಿಲ ಹರಿದದ್ದು 1983ರಲ್ಲಿ. ಮೆಡಿಟರೇನಿಯನ್‌ನಲ್ಲಿ 600 ಮೀಟರಿಗೂ ಹೆಚ್ಚು ಆಳದಲ್ಲಿ ಪೈಪ್ ಹಾಕಿದ್ದು ಆ ಕಾಲಕ್ಕೆ ದಾಖಲೆ, ಆದರೂ ಬೆಲೆ ಕುದುರಲಿಲ್ಲ ಅಂತ ಅಷ್ಟು ದಿನ ಸುಮ್ಮನೆ ಬಿದ್ದಿತ್ತು. ಕಚ್ಚಾ ತೈಲದ ಶಕ್ತಿಗೆ ಎಷ್ಟು ಬೆಲೆಯೋ ಅನಿಲದ ಶಕ್ತಿಗೂ ಅಷ್ಟೇ ಕೊಡಿ ಅನ್ನೋದು ಅವರ ಹಟ. ಅದೇ ಹಟದಲ್ಲಿ 1980ರಲ್ಲಿ ಅಮೆರಿಕದ ಎಲ್ ಪಾಸೋ ಕಂಪನಿಗೆ ಹೋಗುತ್ತಿದ್ದ ಹಡಗುಗಳನ್ನೂ ನಿಲ್ಲಿಸಿದರು. ಆ ಮಾರುಕಟ್ಟೆ ಕೈತಪ್ಪಿತು. ಹಟ ತಪ್ಪು ಅಂತ ನಾನು ಹೇಳಲ್ಲ. ಅದರಿಂದ ಆದ ನಷ್ಟ ಮಾತ್ರ ಸಣ್ಣದಲ್ಲ.

ಧಾರವಾಡದ_ಮಾಸ್ತರ
ಲತಾ ಅವರು ಹಟ ಅಂದ್ರು. ಆ ಹಟ ಎಲ್ಲಿಂದ ಬಂತು ಅನ್ನೋದು ತಿಳೀದ ಈ ದೇಶದ ಎಣ್ಣಿ ರಾಜಕೀಯ ತಿಳಿಯೂದಿಲ್ರಿ. ಇತಿಹಾಸ ಕಲಿಸಿದಾಂವ ನಾನು, ಸ್ವಲ್ಪ ಉದ್ದ ಆದರ ಸಹಿಸಿಕೊಳ್ರಿ.

ಎಣ್ಣಿ ಸಿಕ್ಕಿದ್ದು 1956ರಾಗ. ಸ್ವಾತಂತ್ರ್ಯ ಯುದ್ಧ ಶುರು ಆಗಿದ್ದು 1954ರ ನವೆಂಬರ್‌ದಾಗ. ಅಂದ್ರ ಯುದ್ಧದ ನಟ್ಟನಡುವ ಫ್ರಾನ್ಸಿಗೆ ಸಹಾರಾದಾಗ ನಿಧಿ ಕಾಣಿಸ್ತು. ಆಮ್ಯಾಲೆ ಫ್ರಾನ್ಸ್ ಏನ್ ಮಾಡ್ತು? ಉತ್ತರದ ಅಲ್ಜೀರಿಯಾ ಬೇಕಾದ್ರ ಬಿಡ್ತೀವಿ, ಸಹಾರಾ ಬ್ಯಾರೆ ಅಂತ ವಾದ ಹೂಡ್ತು. 1961ರ ಮಾತುಕತಿ ಇದ ಸಹಾರಾ ಪ್ರಶ್ನಿ ಮ್ಯಾಲೆ ಮುರಿದು ಬಿತ್ತು. ಅದ ಸಹಾರಾದ ರೆಗ್ಗಾನ್‌ದಾಗ 1960ರ ಫೆಬ್ರುವರಿಯೊಳಗ ತನ್ನ ಮೊದಲನೇ ಅಣುಬಾಂಬ್ ಪರೀಕ್ಷಾನೂ ಮಾಡಿತ್ತು. ಕಡಿಗೆ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಪಟ್ಟು ಸಡಿಲಿಸಿದ ಮ್ಯಾಲ 1962ರ ಮಾರ್ಚಿನಾಗ ಯುದ್ಧ ಮುಗಿಸೂ ಎವಿಯಾನ್ ಒಪ್ಪಂದ ಆತು. ಆ ಒಪ್ಪಂದದಾಗೂ ಫ್ರೆಂಚ್ ಕಂಪನಿಗಳ ಎಣ್ಣಿ ಹಕ್ಕು ಹಂಗ ಉಳದವು.

ಸ್ವಾತಂತ್ರ್ಯ ಬಂದಾಗ ಸರಕಾರದ ಕೈಯಾಗ ಎಣ್ಣಿ ಉದ್ಯಮದ ತಿಳುವಳಿಕಿ ಇದ್ದ ಮಂದಿ ಬೆರಳೆಣಿಕಿ. 1963ರ ಡಿಸೆಂಬರ್ 31ಕ್ಕ ಸೋನಾಟ್ರಾಕ್ ಕಟ್ಟಿದ್ದು ಬರೇ ಸಾಗಾಟ, ಮಾರಾಟದ ಕಂಪನಿ ಅಂತ. ಅದರ ಮೊದಲ ದೊಡ್ಡ ಕೆಲಸ ಮರುಭೂಮಿಯಿಂದ ಅರ್ಝೂ ಬಂದರಕ್ಕ ಸುಮಾರು 800 ಕಿ.ಮೀ. ಎಣ್ಣಿ ಪೈಪ್ ಎಳಿಯೂದು. 1966ಕ್ಕ ಮುಗಿಸಿ ತೋರಿಸಿದ್ರು. 1967ರ ಅರಬ್-ಇಸ್ರೇಲ್ ಯುದ್ಧದ ನಂತರ ಪೆಟ್ರೋಲ್ ಬಂಕ್, ವಿತರಣಾ ಜಾಲ ತಮ್ಮ ಕಡೆ ತಗೊಂಡ್ರು. 1969ಕ್ಕ ಎಣ್ಣಿ ರಫ್ತು ಮಾಡೂ ದೇಶಗಳ ಕೂಟ ಒಪೆಕ್ ಸೇರಿದ್ರು. 1971ರ ಫೆಬ್ರುವರಿ 24ಕ್ಕ ಅಧ್ಯಕ್ಷ ಬೂಮೆದಿಯನ್ ಕಾರ್ಮಿಕ ಸಂಘದವರ ಮುಂದ ನಿಂತು ಘೋಷಿಸಿದ್ರು: ಫ್ರೆಂಚ್ ಎಣ್ಣಿ ಕಂಪನಿಗಳೊಳಗ 51 ಪರ್ಸೆಂಟ್ ನಮ್ದು, ಅನಿಲ ಮತ್ತ ಪೈಪ್‌ಲೈನ್ ಪೂರಾ ನಮ್ದು. ಫ್ರಾನ್ಸ್ ಅಲ್ಜೀರಿಯಾದ ಎಣ್ಣಿ ಯಾರೂ ಕೊಳ್ಳಬ್ಯಾಡ್ರಿ ಅಂತ ಒತ್ತಡ ಹಾಕ್ತು, ತನ್ನ ತಂತ್ರಜ್ಞರನ್ನ ವಾಪಸ್ ಕರಿಸಿಕೊಂತು. ಬಾವಿ ನಿಲ್ಲಲಿಲ್ಲ. ಎಳೇ ವಯಸ್ಸಿನ ಅಲ್ಜೀರಿಯನ್ ಎಂಜಿನಿಯರ್‌ಗಳು ರಾತ್ರಿ ಹಗಲು ನಿಂತು ನಡಿಸಿದ್ರು. ಫೆಬ್ರುವರಿ 24 ಇವತ್ತಿಗೂ ಅಲ್ಲಿ ಹಬ್ಬದ ದಿನ ಇದ್ದಂಗ.

ಇಟಲಿಯವರ ಮ್ಯಾಲ ಮಾತ್ರ ಅವರಿಗೆ ಬ್ಯಾರೆನ ಮಮತಾ. ಎನಿ ಕಟ್ಟಿದ ಎನ್ರಿಕೋ ಮತ್ತೇಯಿ ಸ್ವಾತಂತ್ರ್ಯ ಹೋರಾಟದ ಪರವಾಗಿ ನಿಂತಿದ್ರು, 1962ರ ಅಕ್ಟೋಬರ್‌ದಾಗ ವಿಮಾನ ಬಿದ್ದು ತೀರಿಕೊಂಡ್ರು. ಮಲೆನಾಡಿಗರ ಮನಿಗೆ ಗ್ಯಾಸ್ ಬರೂ ಪೈಪಿಗೆ ಅವರದ ಹೆಸರು ಇಟ್ಟಾರ. 2022ರಾಗ ಬ್ಯಾರೆ ದೇಶಕ್ಕಿಂತ ಮೊದಲ ಇಟಲಿಗೆ ಮಾತು ಕೊಟ್ಟಿದ್ದರ ಹಿಂದ ಈ ಋಣಾನೂ ಅದ ಅಂತ ನನ್ನ ನಂಬಿಕಿ.

ಮಿಲಾನೋ_ಮಲೆನಾಡಿಗ
ಮಾಸ್ತರೇ, ಇದು ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಸ್ಪೇನ್ ವಿಷಯ ಏನು? ಅವರಿಗೂ ಪೈಪ್ ಇದೆಯಲ್ಲ?

ಎಲ್‌ಎನ್‌ಜಿ_ಲತಾ
ಸ್ಪೇನಿಗೆ ಎರಡು ಇದ್ದವು, ಈಗ ಓಡ್ತಿರೋದು ಒಂದು. ಮೊರಾಕೋ ಮೇಲಿಂದ ಹೋಗುತ್ತಿದ್ದದ್ದು 1996ರದ್ದು. 2021ರ ಆಗಸ್ಟ್‌ನಲ್ಲಿ ಅಲ್ಜೀರಿಯಾ ಮೊರಾಕೋ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು, ಅಕ್ಟೋಬರ್ 31ಕ್ಕೆ ಒಪ್ಪಂದ ಮುಗಿದಾಗ ನವೀಕರಿಸಲಿಲ್ಲ. ಉಳಿದದ್ದು ನೇರ ಸಮುದ್ರದಡಿ ಅಲ್ಮೇರಿಯಾಗೆ ಹೋಗೋ ಮೆದ್‌ಗಾಜ್, 2011ರಿಂದ ಓಡ್ತಿದೆ. ಮೊರಾಕೋ ತನ್ನದು ಅನ್ನೋ ವಿವಾದಿತ ಪ್ರದೇಶ ಪಶ್ಚಿಮ ಸಹಾರಾದ ವಿಷಯದಲ್ಲಿ ಸ್ಪೇನ್ ಮೊರಾಕೋ ಕಡೆ ವಾಲಿತು ಅಂತ 2022ರ ಜೂನ್‌ನಲ್ಲಿ ಸ್ಪೇನ್ ಜೊತೆಗಿನ ಸ್ನೇಹ ಒಪ್ಪಂದವನ್ನೇ ಅಮಾನತು ಮಾಡಿದರು. ಆಗಲೂ ಮೆದ್‌ಗಾಜ್‌ನಲ್ಲಿ ಗ್ಯಾಸ್ ನಿಲ್ಲಲಿಲ್ಲ. ಒಪ್ಪಂದದ ಅನಿಲ ಹೇಳಿದ ಹೊತ್ತಿಗೆ ತಲುಪಲೇಬೇಕು ಅನ್ನೋದರಲ್ಲಿ ಸೋನಾಟ್ರಾಕ್ ಶಿಸ್ತು ದೊಡ್ಡದು.

ಪುತ್ತೂರಿನವ
ಇದನ್ನೆಲ್ಲ ಓದುವಾಗ ಹಳೆಯದ್ದೆಲ್ಲ ಕಣ್ಣ ಮುಂದೆ ಬಂತು. ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಗಲ್ಫ್‌ನಲ್ಲಿ ಇದ್ದವ, ಅಲ್ಲಿಂದ ಒಂದು ಗುತ್ತಿಗೆ ಕಂಪನಿಯ ಮೂಲಕ ಹಾಸಿ ಮೆಸ್ಸಾವುದ್ ಹತ್ತಿರ ಕೆಲಸ ಮಾಡಿದ್ದೇನೆ. ಪುಸ್ತಕದಲ್ಲಿ ಬಾರದ್ದು ಕೆಲವು ಹೇಳುತ್ತೇನೆ.

ಅಲ್ಜಿಯರ್ಸ್‌ನಿಂದ ವಿಮಾನದಲ್ಲಿ ಇಳಿದ ಮೇಲೆ ಕ್ಯಾಂಪಿಗೆ ವ್ಯಾನಿನಲ್ಲಿ ಹೋಗಬೇಕು. ವಿದೇಶಿಯರು ಇದ್ದರೆ ಮುಂದೆ ಹಿಂದೆ ಜಂಡಾರ್ಮ್‌ಗಳ (ಶಸ್ತ್ರಧಾರಿ ಪೊಲೀಸರ) ಗಾಡಿ ಉಂಟು. 2013ರ ಜನವರಿಯಲ್ಲಿ ಇನ್ ಅಮೆನಾಸ್ ಹತ್ತಿರದ ತಿಗಂತೂರಿನ್ ಅನಿಲ ಘಟಕಕ್ಕೆ ಉಗ್ರರು ನುಗ್ಗಿ ನಾಲ್ಕು ದಿನ ಒತ್ತೆ ಇಟ್ಟುಕೊಂಡದ್ದು ನೆನಪಿರಬಹುದು. ಸುಮಾರು 40 ಮಂದಿ ಕೆಲಸಗಾರರು ಸತ್ತರು, ಜಪಾನಿನವರೇ 10 ಜನ. ಅದರ ನಂತರ ಕಾವಲು ಇನ್ನೂ ಬಿಗಿ. ಬೇಲಿ ದಾಟಿ ಸುಮ್ಮನೆ ತಿರುಗಾಡಲಿಕ್ಕೆ ಹೋಗುವ ಪ್ರಶ್ನೆಯೇ ಇಲ್ಲ.

ವಸತಿಗೆ ಕ್ಯಾಬಿನ್‌ಗಳು, ಕಂಟೈನರಿನ ಹಾಗೆ ಸಾಲಾಗಿ. 'ಬಾಝ್ ದ ವೀ' ಅಂತ ಹೇಳುತ್ತಾರೆ. ಕೆಲವು ವಾರ ಕೆಲಸ, ಕೆಲವು ವಾರ ರಜೆ. ಪರ್ಮಿಟ್, ರಿಪೋರ್ಟ್ ಎಲ್ಲ ಫ್ರೆಂಚಿನಲ್ಲಿ, ಮಾತು ಅವರ ಅರಬ್ಬಿಯಲ್ಲಿ. ಶುಕ್ರವಾರ ಮೆಸ್ಸಿನಲ್ಲಿ ಗೋಧಿ ರವೆಯ ಕುಸ್‌ಕುಸ್ ಕಡ್ಡಾಯ ಇದ್ದ ಹಾಗೆ, ಕುಂಬಳ, ಕ್ಯಾರೆಟ್, ಕಡಲೆ ಹಾಕಿದ ಸಾರಿನ ಜೊತೆ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುವಷ್ಟು ಒಳ್ಳೆಯ ಮನಸ್ಸು ಅವರದ್ದು.

ಕೆಲಸದ ದೊಡ್ಡ ವೈರಿ ಮರಳು. ಗಾಳಿ ಎದ್ದರೆ ಮಧ್ಯಾಹ್ನವೇ ಆಕಾಶ ಕೆಂಪು ಹಳದಿ. ಅದು ದಪ್ಪ ಮರಳಲ್ಲ ಮಾರಾಯ್ರೆ, ಹಿಟ್ಟಿನಷ್ಟು ನುಣುಪು. ಒತ್ತಡ ಅಳೆದು ಕಳುಹಿಸುವ ಪ್ರೆಷರ್ ಟ್ರಾನ್ಸ್‌ಮಿಟರಿನ ಮುಚ್ಚಳ ತೆಗೆದು ಓ-ರಿಂಗ್ (ರಬ್ಬರ್ ಬಳೆ) ಸರಿಯಾಗಿ ಕೂರಿಸದಿದ್ದರೆ ಮರುದಿನ ಟರ್ಮಿನಲ್ ಮೇಲೆ ಪದರ ಕೂತಿರುತ್ತದೆ, ರೀಡಿಂಗ್ ಅಲ್ಲಾಡಲಿಕ್ಕೆ ಶುರು. ಕಂಟ್ರೋಲ್ ರೂಮಿನವರಿಗೆ ಬಾವಿಯ ಒತ್ತಡ ನಿಜಕ್ಕೂ ಇಳಿಯಿತಾ, ಮೀಟರ್ ಕೆಟ್ಟಿತಾ ಎಂದು ಗೊತ್ತಾಗುವುದಿಲ್ಲ. ಗಾಳಿ ನಿಂತ ಕೂಡಲೇ ಒಂದೊಂದನ್ನೂ ಬಿಚ್ಚಿ, ಊದಿ, ಕ್ಯಾಲಿಬ್ರೇಟ್ ಮಾಡಿ ಮುಚ್ಚಬೇಕು. ಇಟಲಿಯ ಬಾಯ್ಲರ್ ಉರಿಯುವುದರ ಹಿಂದೆ ಇಂಥ ಕೈಗಳು ಎಷ್ಟೋ ಉಂಟು. ಅದರಲ್ಲಿ ಹೆಚ್ಚಿನವು ಅಲ್ಜೀರಿಯನ್ನರದ್ದೇ, ಬಹಳ ಚೆನ್ನಾಗಿ ಕಲಿತವರು.

ಒಂದು ಬೇಸರದ ಸಂಗತಿಯೂ ಹೇಳಬೇಕು. ಹಾಸಿ ಮೆಸ್ಸಾವುದ್ ಇರುವುದು ವಾರ್ಗ್ಲಾ ಪ್ರದೇಶದಲ್ಲಿ. ಅಲ್ಲಿಯ ಹುಡುಗರಿಗೇ ಕೆಲಸ ಸಿಕ್ಕುವುದಿಲ್ಲ, ಉತ್ತರದಿಂದ ಬಂದವರಿಗೆ ಸಿಕ್ಕುತ್ತದೆ ಎನ್ನುವ ಸಿಟ್ಟು ಆಳದಲ್ಲಿ ಉಂಟು. 2013ರ ಮಾರ್ಚಿನಲ್ಲಿ ವಾರ್ಗ್ಲಾದಲ್ಲಿ ನಿರುದ್ಯೋಗಿ ಯುವಕರು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಇಳಿದಿದ್ದರು. ಬಾವಿ ಬಾಗಿಲಲ್ಲೇ ಇದ್ದು ಕೆಲಸ ಇಲ್ಲದೆ ಕೂರುವುದು ಸಣ್ಣ ನೋವಲ್ಲ.

ಲೆಕ್ಕದ_ರಾಮನಗರ
ಎಲ್ಲರ ಬರಹವೂ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಗೆ ನನ್ನ ಪ್ರಕಾರ ಅತಿ ಮುಖ್ಯ ಉತ್ತರ ಲತಾ ಮೇಡಂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದದ್ದು: ಅರ್ಧ ಅನಿಲ ದೇಶದೊಳಗೇ ಖರ್ಚಾಗುತ್ತೆ. ಅಲ್ಲಿ ವಿದ್ಯುತ್ ಬಹುತೇಕ ಪೂರ್ತಿ ಅನಿಲದಿಂದಲೇ ಆಗೋದು. ಮನೆಮನೆಗೆ ಪೈಪ್ ಗ್ಯಾಸ್, ಅದೂ ಉತ್ಪಾದನಾ ವೆಚ್ಚಕ್ಕೂ ಸಾಲದ ಬೆಲೆಗೆ. ಪೆಟ್ರೋಲ್ 2020ರಲ್ಲಿ ಲೀಟರಿಗೆ ಸುಮಾರು 46 ದಿನಾರ್, ಆಗಿನ ಲೆಕ್ಕದಲ್ಲಿ ನಮ್ಮ 30 ರೂಪಾಯಿ ಒಳಗೆ. ಜನಸಂಖ್ಯೆ ನಾಲ್ಕೂವರೆ ಕೋಟಿ ಹತ್ತಿರ. ಎಸಿ ಹೆಚ್ಚಾದಂತೆ ಬೇಸಿಗೆಯಲ್ಲಿ ಕರೆಂಟಿನ ಬೇಡಿಕೆ ಜಿಗಿಯುತ್ತೆ. ಅಂದರೆ ರಫ್ತಿಗೆ ಉಳಿಯೋ ಅನಿಲವನ್ನು ಪ್ರತಿವರ್ಷ ಸ್ವಲ್ಪ ಸ್ವಲ್ಪ ದೇಶವೇ ತಿನ್ನುತ್ತಿದೆ.

ಸಬ್ಸಿಡಿ ತೆಗೆಯಿರಿ ಅಂತ ಹೊರಗಿನವರು ಹೇಳೋದು ಸುಲಭ. ಇತಿಹಾಸ ನೋಡಿ. 1986ರಲ್ಲಿ ತೈಲ ಬೆಲೆ ಬ್ಯಾರೆಲ್ಲಿಗೆ 10 ಡಾಲರ್ ಮಟ್ಟಕ್ಕೆ ಕುಸಿಯಿತು. ರಫ್ತಿನ ಗಳಿಕೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತೈಲ-ಅನಿಲದಿಂದ ಬರೋ ದೇಶ. ಆಮದು ನಿಂತಿತು, ಅಂಗಡಿಯಲ್ಲಿ ರವೆ ಎಣ್ಣೆಗೆ ಸಾಲು, ಕೆಲಸ ಇಲ್ಲ. 1988ರ ಅಕ್ಟೋಬರ್‌ನಲ್ಲಿ ಯುವಕರು ದಂಗೆ ಎದ್ದರು, ಸೈನ್ಯ ಗುಂಡು ಹಾರಿಸಿತು, ನೂರಾರು ಜನ ಸತ್ತರು. ಅಲ್ಲಿಂದ ಬಹುಪಕ್ಷ ವ್ಯವಸ್ಥೆ, 1991ರ ಚುನಾವಣೆ, 1992ರ ಜನವರಿಯಲ್ಲಿ ಅದರ ರದ್ದತಿ, ಆಮೇಲೆ ಹತ್ತು ವರ್ಷದ ಅಂತರ್ಯುದ್ಧ. ಒಂದೂವರೆ ಲಕ್ಷದಷ್ಟು ಜನ ಸತ್ತರು ಅಂತ ಅಂದಾಜು. ಆ ರಕ್ತಪಾತದ ನಡುವೆಯೇ ಮೊರಾಕೋ ಮೂಲಕದ ಪೈಪ್‌ಲೈನ್ ಉದ್ಘಾಟನೆ ಆಯಿತು, ರಫ್ತು ನಡೆಯುತ್ತಲೇ ಇತ್ತು.

2000ದ ನಂತರ ಬೆಲೆ ಏರಿದಾಗ ಸಾಲ ತೀರಿಸಿದರು, ಉಳಿತಾಯ ನಿಧಿ ಕಟ್ಟಿದರು, 2013ರ ಕೊನೆಗೆ ವಿದೇಶಿ ವಿನಿಮಯ 190 ಬಿಲಿಯನ್ ಡಾಲರ್ ದಾಟಿತ್ತು. 2014ರಲ್ಲಿ ಬೆಲೆ ಬಿತ್ತು. 2017ಕ್ಕೆ ಆ ಉಳಿತಾಯ ನಿಧಿ ಖಾಲಿ. 2019ರಲ್ಲಿ ಲಕ್ಷಾಂತರ ಜನ ಶುಕ್ರವಾರ ಶುಕ್ರವಾರ ಶಾಂತಿಯಿಂದ ಬೀದಿಗಿಳಿದು ಅಧ್ಯಕ್ಷ ಬುತೆಫ್ಲಿಕಾರನ್ನು ಕುರ್ಚಿಯಿಂದ ಇಳಿಸಿದರು. ಈ ಹಿನ್ನೆಲೆಯಲ್ಲಿ ಗ್ಯಾಸ್ ಬೆಲೆ ಏರಿಸೋ ಧೈರ್ಯ ಯಾವ ಸರ್ಕಾರಕ್ಕೆ ಬರುತ್ತೆ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. 1971ರಲ್ಲಿ ಒಡೆತನ ತೆಗೆದುಕೊಂಡದ್ದು ಸರಿ. ಆದರೆ ಆ ಹಣದಿಂದ ಬೇರೆ ಉದ್ಯಮ ನಿಲ್ಲಿಸೋಕೆ ಆಗಲಿಲ್ಲ. ಇಷ್ಟು ಒಳ್ಳೆ ಕಚ್ಚಾ ತೈಲ ಇರೋ ದೇಶ ವರ್ಷಗಟ್ಟಲೆ ಪೆಟ್ರೋಲ್, ಡೀಸೆಲ್ ಆಮದು ಮಾಡಿಕೊಂಡಿತು. 2018ರಲ್ಲಿ ಸಿಸಿಲಿಯ ಅಗಸ್ತಾದಲ್ಲಿ ಹಳೇ ರಿಫೈನರಿ ಕೊಂಡದ್ದೂ ಅದಕ್ಕೇ.

ಧಾರವಾಡದ_ಮಾಸ್ತರ
ರಾಮನಗರದವರ ಮಾತು ಅರ್ಧ ಒಪ್ಪತೀನಿ. ಉಳಿದರ್ಧಕ್ಕ ತಕರಾರು ಅದ. ಫ್ರಾನ್ಸ್ ಬಿಟ್ಟು ಹೋದಾಗ ಆ ದೇಶದಾಗ ಓದು ಬರಹ ಬಲ್ಲವರು ಎಷ್ಟಿದ್ರು? ಬಹಳ ಕಡಿಮಿ. ಎಣ್ಣಿ ರೊಕ್ಕದಾಗನ ಶಾಲಿ ಕಟ್ಯಾರ, ದವಾಖಾನಿ ಕಟ್ಯಾರ, ಹಳ್ಳಿಗೆ ಕರೆಂಟ್ ಒಯ್ದಾರ, ಬೂಮೆರ್ದೆಸ್‌ದಾಗ ಪೆಟ್ರೋಲಿಯಂ ಸಂಸ್ಥಾ ತೆಗದು ಸಾವಿರಾರು ಎಂಜಿನಿಯರ್‌ಗಳನ್ನ ತಯಾರ ಮಾಡ್ಯಾರ. ಚಳಿಗಾಲದಾಗ ಗುಡ್ಡದ ಊರಿನ ಮುದುಕಿ ಮನ್ಯಾಗ ಒಲಿ ಉರಿಯೂದು ಅಗ್ಗದ ಗ್ಯಾಸಿನಿಂದ. ಅದನ್ನ ಪೋಲು ಅಂತ ಹೆಂಗ ಅನ್ನೂದ್ರಿ? ಪೋಲು ಆಗಿದ್ದು ಮ್ಯಾಲಿನ ಮಂದಿ ಕೈಯಾಗ. 2010ರಾಗ ಸೋನಾಟ್ರಾಕ್ ಮುಖ್ಯಸ್ಥರ ಮ್ಯಾಲನ ಭ್ರಷ್ಟಾಚಾರದ ತನಿಖಿ ನಡೀತು.

ಲೆಕ್ಕದ_ರಾಮನಗರ
ಮುದುಕಿಯ ಒಲೆ ಬೇಡ ಅಂತ ನಾನೂ ಹೇಳಲ್ಲ ಮಾಸ್ತರೇ. ಆದರೆ ಅದೇ ಅಗ್ಗದ ದರ ಮೂರು ಕಾರು, ಆರು ಎಸಿ ಇರೋ ಮನೆಗೂ ಸಿಗುತ್ತೆ. ಕಡಿಮೆ ಬೆಲೆಯ ಇಂಧನ ಗಡಿ ದಾಟಿ ಟುನೀಶಿಯಾಕ್ಕೆ, ಮೊರಾಕೋಗೆ ಕಳ್ಳಸಾಗಣೆ ಆಗಿದೆ. ಬಡವರಿಗೆ ನೇರ ಹಣ ಕೊಟ್ಟು ಬೆಲೆ ನಿಧಾನವಾಗಿ ಏರಿಸಬಹುದು. ಬಿಸಿಲು ಅಷ್ಟಿರೋ ದೇಶ ಸೌರ ವಿದ್ಯುತ್ ಮಾಡಿಕೊಂಡು, ಉಳಿದ ಅನಿಲ ಮಾರಬಹುದು. ಅದು ತಡವಾಗಿರೋದೇ ನನ್ನ ದೂರು.

ಓದುಗ_ಹಾಸನ
ಶೇಲ್ ಗ್ಯಾಸ್, ಅಂದರೆ ಗಟ್ಟಿ ಪದರಗಲ್ಲಿನೊಳಗೆ ಸಿಕ್ಕಿಕೊಂಡಿರೋ ಅನಿಲ, ಅಲ್ಲೂ ತುಂಬಾ ಇದೆ ಅಂತ ಓದಿದ್ದೆ. ಅದನ್ನ ತೆಗೆದರೆ ಸಮಸ್ಯೆ ಮುಗಿಯಲ್ವಾ ಸರ್?

ರಿಗ್‌ಮ್ಯಾನ್_ರಾಯಚೂರು
ಕಾಗದದ ಮೇಲೆ ಹೌದು. 2013ರಲ್ಲಿ ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಮಾಡಿದ ಅಂದಾಜಿನಲ್ಲಿ ಶೇಲ್ ಅನಿಲದಲ್ಲಿ ಚೀನಾ, ಅರ್ಜೆಂಟೀನಾ ಬಿಟ್ಟರೆ ಅಲ್ಜೀರಿಯಾನೇ. ಆದರೆ ಶೇಲ್ ಕಲ್ಲನ್ನು ಸೀಳೋಕೆ ಒಂದೊಂದು ಬಾವಿಗೂ ಕೋಟಿಗಟ್ಟಲೆ ಲೀಟರ್ ನೀರು ಬೇಕು. ಸಹಾರಾದಲ್ಲಿ ಆ ನೀರು ಬರಬೇಕಾದದ್ದು ನೆಲದಡಿಯ ಪುರಾತನ ಜಲಪದರದಿಂದ. ಟುನೀಶಿಯಾ, ಲಿಬಿಯಾ ಕೂಡ ಅದರ ಪಾಲುದಾರರು. ಮಳೆ ಇಲ್ಲದ ಊರಲ್ಲಿ ಅದು ಮತ್ತೆ ತುಂಬೋದು ಇಲ್ಲ ಅನ್ನೋಷ್ಟು ನಿಧಾನ.

ಇನ್ ಸಾಲಾಹ್ ಅನ್ನೋ ಓಯಸಿಸ್ ಊರಿನ ಹತ್ತಿರ ಮೊದಲ ಪ್ರಾಯೋಗಿಕ ಬಾವಿ ಕೊರೆದಾಗ, 2015ರ ಜನವರಿ ಮೊದಲ ದಿನಗಳಿಂದಲೇ ಊರಿಗೆ ಊರೇ ಚೌಕದಲ್ಲಿ ಕೂತಿತು. ಹೆಂಗಸರು ಮುಂದೆ ನಿಂತರು. ತಿಂಗಳುಗಟ್ಟಲೆ ನಡೆಯಿತು. ಖರ್ಜೂರದ ತೋಟಕ್ಕೆ, ಕುಡಿಯೋಕೆ ಇರೋದು ಅದೊಂದೇ ನೀರು, ಹಾಳಾದರೆ ಊರು ಬಿಡಬೇಕು ಅನ್ನೋದು ಅವರ ಮಾತು. ನಾನು ಕೊರೆಯೋ ಉದ್ಯಮದವನೇ. ಆದರೂ ಆ ಜನ ಸರಿಯಾದ ಪ್ರಶ್ನೆ ಕೇಳಿದರು ಅಂತಲೇ ಹೇಳ್ತೀನಿ. ಬಾವಿಯ ಸುತ್ತ ಸಿಮೆಂಟ್ ಎಷ್ಟೇ ಚೆನ್ನಾಗಿ ಹಾಕಿದರೂ ಐವತ್ತು ವರ್ಷ ಸೋರಲ್ಲ ಅಂತ ಬರೆದುಕೊಡೋರು ಯಾರೂ ಇಲ್ಲ.

ಅದೇ ಪ್ರದೇಶದ ಕ್ರೆಚ್ಬಾದಲ್ಲಿ ನಡೆದ ಇನ್ನೊಂದು ಕೆಲಸ ನಮ್ಮ ಕ್ಷೇತ್ರದಲ್ಲಿ ಪಾಠವಾಗಿ ಓದ್ತಾರೆ. ಅಲ್ಲಿನ ಅನಿಲದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚು, ಅದನ್ನ ತೆಗೆಯದೆ ಯುರೋಪಿಗೆ ಮಾರೋ ಹಾಗಿಲ್ಲ. ಸಾಮಾನ್ಯವಾಗಿ ಗಾಳಿಗೆ ಬಿಡ್ತಾರೆ. 2004ರಿಂದ 2011ರವರೆಗೆ ಸೋನಾಟ್ರಾಕ್, ಬ್ರಿಟನ್ನಿನ ಬಿಪಿ, ನಾರ್ವೆಯ ಸ್ಟಾಟ್‌ಆಯಿಲ್ ಕಂಪನಿಗಳು ಸೇರಿ ಅದನ್ನ ನೆಲದಡಿಗೇ ತುಂಬಿದರು, ಒಟ್ಟು 38 ಲಕ್ಷ ಟನ್‌ನಷ್ಟು. ಆಗ ಮೇಲಿನ ಮರುಭೂಮಿ ವರ್ಷಕ್ಕೆ ಕೆಲವು ಮಿಲಿಮೀಟರ್ ಉಬ್ಬಿದ್ದನ್ನು ಉಪಗ್ರಹದ ರಾಡಾರ್ ಹಿಡಿಯಿತು. ಮೇಲಿನ ಮುಚ್ಚಳದ ಕಲ್ಲಿನ ಬಗ್ಗೆ ಅನುಮಾನ ಬಂದಾಗ ತುಂಬೋದನ್ನ ನಿಲ್ಲಿಸಿದರು.

ಇನ್ನು ಹೊಸ ಫೀಲ್ಡ್‌ಗಳು ಇಲ್ಲ ಅಂತಲ್ಲ. ನೈಋತ್ಯದಲ್ಲಿ ರೆಗ್ಗಾನ್, ತಿಮಿಮೂನ್, ತುವಾತ್ 2017ರಿಂದ 2019ರ ನಡುವೆ ಶುರುವಾದವು. ಆದರೆ ಅವು ಹಾಸಿ ರಮೆಲ್ ಮುಂದೆ ಬಹಳ ಸಣ್ಣವು, ದೂರ, ಖರ್ಚು ಹೆಚ್ಚು. ವಿದೇಶಿ ಕಂಪನಿಗಳು ಬರಲಿ ಅಂತ 2019ರಲ್ಲಿ ಹೊಸ ಹೈಡ್ರೋಕಾರ್ಬನ್ ಕಾಯ್ದೆ ತಂದರು. ಅದರಲ್ಲೂ ಸೋನಾಟ್ರಾಕ್ ಪಾಲು ಕನಿಷ್ಠ 51 ಅನ್ನೋದು ಹಾಗೇ ಉಳಿದಿದೆ.

ಪುತ್ತೂರಿನವ
ಫ್ಲೇರ್ ಬಗ್ಗೆ ಯಾರೂ ಹೇಳಲಿಲ್ಲ. ತೈಲದ ಜೊತೆ ಬರುವ ಅನಿಲ ಹಿಡಿಯಲಿಕ್ಕೆ ವ್ಯವಸ್ಥೆ ಇಲ್ಲದ ಕಡೆ ಸುಡುತ್ತಾರೆ. ಹೆಚ್ಚು ಅನಿಲ ಸುಡುವ ದೇಶಗಳ ಪಟ್ಟಿಯಲ್ಲಿ ಅಲ್ಜೀರಿಯಾ ವರ್ಷವೂ ಮೇಲೆ ಇರುತ್ತದೆ. ರಾತ್ರಿ ಪಾಳಿಯಲ್ಲಿ ಟಾರ್ಚ್ ಬೇಡ, ಫ್ಲೇರಿನ ಬೆಳಕಿನಲ್ಲೇ ವಾಲ್ವಿನ ಟ್ಯಾಗ್ ನಂಬರ್ ಓದಬಹುದು, ಅಷ್ಟು ಉರಿ. ಇಟಲಿಗೆ ಹೆಚ್ಚಿನ ಅನಿಲ ಬೇಕಿದ್ದರೆ ಹೊಸ ಬಾವಿಗಿಂತ ಮೊದಲು ಅದನ್ನು ಹಿಡಿಯಲಿ ಎಂದು ನಮ್ಮ ಶಿಫ್ಟಿನ ಅಲ್ಜೀರಿಯನ್ ಫೋರ್‌ಮ್ಯಾನ್ ಯಾವಾಗಲೂ ಹೇಳುತ್ತಿದ್ದರು.

ರಿಗ್‌ಮ್ಯಾನ್_ರಾಯಚೂರು
ಪುತ್ತೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಂಪ್ರೆಸರ್, ಸಣ್ಣ ಪೈಪ್‌ಗಳ ಖರ್ಚು ಮಾಡಿದರೆ ಇವತ್ತೇ ಕೈಗೆ ಸಿಗೋ ಅನಿಲ ಅದು.

ಮಿಲಾನೋ_ಮಲೆನಾಡಿಗ
ಎಲ್ಲರಿಗೂ ಧನ್ಯವಾದ. ಇಷ್ಟು ಪದರ ಇದೆ ಅಂತ ಅಂದುಕೊಂಡಿರಲಿಲ್ಲ. ಕೊನೆಯದಾಗಿ ಒಂದು: ನೈಜೀರಿಯಾದ ಅನಿಲವನ್ನು ಸಹಾರಾ ದಾಟಿಸಿ ಅಲ್ಜೀರಿಯಾ ಮೂಲಕ ಇಲ್ಲಿಗೆ ತರ್ತಾರೆ ಅಂತ ಇಲ್ಲಿನ ಪೇಪರ್‌ಗಳಲ್ಲಿ ಆಗಾಗ ಬರುತ್ತೆ. ಆಗೋ ಮಾತಾ ಲತಾ ಅವರೇ?

ಎಲ್‌ಎನ್‌ಜಿ_ಲತಾ
ಹತ್ತಿರದಲ್ಲಿ ನನಗೆ ನಂಬಿಕೆ ಇಲ್ಲ. ನೈಜೀರಿಯಾ, ನೈಜರ್, ಅಲ್ಜೀರಿಯಾ ಮೂರೂ ಸರ್ಕಾರಗಳು 2009ರಲ್ಲೇ ಸಹಿ ಹಾಕಿದವು. ಉದ್ದ 4,000 ಕಿ.ಮೀ.ಗೂ ಹೆಚ್ಚು. ಅಲ್ಜೀರಿಯಾ ಒಳಗಿನ ಭಾಗದಲ್ಲಿ ಆಗಲೇ ಪೈಪ್‌ಗಳಿವೆ, ಆದ್ದರಿಂದ ಅವರಿಗೆ ಅನುಕೂಲ: ಇಟಲಿಗೆ ಹೋಗೋ ಪೈಪಿನಲ್ಲಿ ಖಾಲಿ ಇರೋ ಜಾಗ ತುಂಬುತ್ತೆ, ಸಾಗಣೆ ಶುಲ್ಕ ಬರುತ್ತೆ. ಕಷ್ಟ ಇರೋದು ನಡುವೆ. ಪೈಪ್ ಹೋಗಬೇಕಾದ ನೈಜೀರಿಯಾದ ಉತ್ತರ ಭಾಗ, ನೈಜರ್ ಎರಡರಲ್ಲೂ ಸಶಸ್ತ್ರ ಗುಂಪುಗಳು. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನಾ ದಂಗೆ ಆಯಿತು. ನೈಜೀರಿಯಾದಲ್ಲೇ ತನ್ನ ಎಲ್‌ಎನ್‌ಜಿ ಘಟಕಕ್ಕೆ ಸಾಕಷ್ಟು ಅನಿಲ ಬರ್ತಿರಲಿಲ್ಲ, ಪೈಪ್ ಒಡೆದು ಕದಿಯೋದು ಅಷ್ಟಿತ್ತು. ಜೊತೆಗೆ ಮೊರಾಕೋ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ತನ್ನದೇ ಪೈಪ್ ಪ್ರಸ್ತಾಪ ಹಿಡಿದು ಪೈಪೋಟಿಗೆ ನಿಂತಿದೆ. ಇಂಥ ಯೋಜನೆಗೆ ಸಾಲ ಕೊಡೋ ಬ್ಯಾಂಕು ಮೊದಲು ಕೇಳೋದು ಇಪ್ಪತ್ತು ವರ್ಷ ಕೊಳ್ತೀನಿ ಅಂತ ಸಹಿ ಹಾಕಿದ ಗ್ರಾಹಕ ಯಾರು ಅಂತ. ಯುರೋಪಿನ ಕಂಪನಿಗಳು ಹವಾಮಾನ ಗುರಿಗಳ ಕಾರಣಕ್ಕೆ ಅಷ್ಟು ದೀರ್ಘ ಸಹಿ ಹಾಕೋಕೆ ಹಿಂಜರೀತಿವೆ. ಆ ಸಹಿ ಬೀಳೋವರೆಗೆ ನಿಮ್ಮ ಮನೆಗೆ ಬರೋದು ಹಾಸಿ ರಮೆಲ್ ಮತ್ತು ಅದರ ಸುತ್ತಿನ ಫೀಲ್ಡ್‌ಗಳ ಅನಿಲವೇ.